ಬಲಗಡೆ ಖಾಲಿ ಬಿಟ್ಟ ಕಣ

ಇದು ನಡೆದದ್ದು. ಈ ತಟ್ಟೆ ಮುಟ್ಟಿ ಹೇಳುತ್ತೇನೆ, ತಟ್ಟೆಯಲ್ಲಿರುವ ವಡೆ ಮುಟ್ಟಿ ಹೇಳುತ್ತೇನೆ. ಬೇಕಾದರೆ ನಮ್ಮಪ್ಪ ಬಿಟ್ಟುಹೋದ ರೋಣಗಲ್ಲಿನ ಮೇಲೆ ಕೈ ಇಟ್ಟೂ ಹೇಳುತ್ತೇನೆ. ಅದು ಮಾತ್ರ ಇಲ್ಲಿಲ್ಲ, ದಂಡಿಗನಹಳ್ಳಿಯಲ್ಲಿದೆ. ಉರುಳಿಸಲು ಎರಡು ಎತ್ತು ಬೇಕು, ಎತ್ತಲು ಎಂಟು ಜನ ಬೇಕು. ಚಿಕ್ಕವನಿದ್ದಾಗ ನಾನೊಬ್ಬನೇ ಎತ್ತಿ ಹೆಗಲ ಮೇಲಿಟ್ಟುಕೊಂಡು ಸಂತೆಗೆ ಹೋಗಿ ಬರುತ್ತಿದ್ದೆ. ಅದೂ ನಡೆದದ್ದೇ.

ಚನ್ನರಾಯಪಟ್ಟಣದ ಈ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಮಂಚಯ್ಯ ಸುಳ್ಳು ಹೇಳುತ್ತಾನಾ ಅಂತ. ಎಲ್ಲರೂ ಹೌದು ಎನ್ನುತ್ತಾರೆ. ಅವರ ಮಾತು ನಂಬಬೇಡಿ. ಕಾಫಿ ಬಿಸಿ ಇದೆ, ಕೂತುಕೊಳ್ಳಿ. ನೀವು ಹೋಗಬೇಕಾದ ಕಡೆಗೆ ಹೇಗೂ ಈಗ ಬಸ್ಸಿಲ್ಲ.

ನನ್ನ ಕಸುಬು ಕಣ ಮಾಡುವುದು. ರಾಗಿ ಒಕ್ಕುವ ಕಣ. ನೆಲ ಕೆತ್ತಿ, ಕಲ್ಲು ಆರಿಸಿ, ಕೆಮ್ಮಣ್ಣು ಹಾಕಿ, ನೀರು ಚಿಮುಕಿಸಿ, ರೋಣಗಲ್ಲು ಉರುಳಿಸಿ, ಮೇಲೆ ಸಗಣಿ ಸಾರಿಸುವುದು. ನಾನು ಮಾಡಿದ ಕಣದಲ್ಲಿ ಇರುವೆ ನಡೆದರೆ ಜಾರಿ ಬೀಳುತ್ತಿತ್ತು. ಆಮೇಲೆ ಮಿಷನ್ನು ಬಂತು. ಹೊಲದಲ್ಲೇ ಕೊಯ್ದು, ಹೊಲದಲ್ಲೇ ಒಕ್ಕಿ, ಚೀಲಕ್ಕೆ ಸುರಿದು ಹೋಗುತ್ತದೆ. ನನ್ನ ರೋಣಗಲ್ಲು ಹುಣಸೆಮರದ ಕೆಳಗೆ ಬಿತ್ತು, ನಾಯಿ ಮಲಗುವುದಕ್ಕಾಯಿತು. ಅದೇ ವರ್ಷ ನನ್ನ ಹೆಂಡತಿ ಮಲ್ಲಿಗಮ್ಮ ತೀರಿಹೋದಳು. ಮನೆಯಲ್ಲಿ ಮಾತು ಕೇಳುವವರು ಯಾರೂ ಇಲ್ಲದ್ದರಿಂದ ನಾನು ಬಸ್‌ಸ್ಟ್ಯಾಂಡಿಗೆ ಬಂದು ಹೇಳಲು ಶುರುಮಾಡಿದೆ. ಜನ ಅದನ್ನು ಸುಳ್ಳು ಎನ್ನುತ್ತಾರೆ.

ಹೀಗಿರುವಾಗ ಒಂದು ದಿನ ಮೋಹನ್‌ಕುಮಾರ್ ಬಂದರು. ನಮ್ಮೂರಿನ ಕಾಮಾಕ್ಷಮ್ಮನವರ ಮೊಮ್ಮಗ. ಚಿಕ್ಕ ವಯಸ್ಸಿಗೇ ಟೆನಿಸ್ ಆಡಲು ಊರು ಬಿಟ್ಟವರು. ಇಪ್ಪತ್ತು ವರ್ಷ ದೇಶ ದೇಶ ಸುತ್ತಿ, ಸಂಪಾದಿಸಿದ್ದನ್ನೆಲ್ಲ ದಾನ ಮಾಡುತ್ತೇನೆ ಎಂದು ವಾಪಸು ಬಂದಿದ್ದರು. ಶಾಲೆಗಳಿಗೆ ಕಕ್ಕಸು ಕಟ್ಟಿಸಿದ್ದರು, ಕುಡಿಯುವ ನೀರಿನ ಯಂತ್ರ ಹಾಕಿಸಿದ್ದರು. ಕೈಗೆ ಏನು ಸಿಕ್ಕರೂ ಎದುರಿಗಿದ್ದವರಿಗೆ ಕೊಟ್ಟುಬಿಡುವ ಕಾಯಿಲೆ ಆ ಮನುಷ್ಯನಿಗೆ. ಒಂದು ಸಲ ಊಟದ ಎಲೆ ಮುಂದಿಟ್ಟರೆ ಪಕ್ಕದವನಿಗೆ ತಳ್ಳಿದರು, ಅವನು ಮುಂದಿನವನಿಗೆ ತಳ್ಳಿದ, ಆ ಎಲೆ ಹಾಸನದವರೆಗೆ ಹೋಯಿತು.

ಅವರು ಹುಣಸೆಮರದ ಕೆಳಗೆ ನಿಂತು ನನ್ನ ಕಲ್ಲನ್ನು ನೋಡಿದರು.

"ಮಂಚಯ್ಯ, ಒಂದು ಕಣ ಮಾಡ್ಕೊಡ್ತೀಯಾ?"

"ಯಾವ್ ಕಾಲ್ದಾಗಿದ್ದೀರಿ ಸಾ? ಕಣ ಈಗ ಯಾರಿಗ್ ಬೇಕು?"

"ರಾಗಿಗಲ್ಲ ಕಣಯ್ಯ, ಆಟಕ್ಕೆ. ಮಣ್ಣಿನ ಕೋರ್ಟು. ಎಪ್ಪತ್ತೆಂಟಡಿ ಉದ್ದ, ಮೂವತ್ತಾರಡಿ ಅಗಲ."

"ಅಂಗಾರೆ ಚೌಕ ಆಯ್ತು. ಕಣ ಅಂದ್ರೆ ದುಂಡಗಿರ್ಬೇಕು ಸಾ. ಮೂಲೆ ಇದ್ರೆ ಕಾಳು ಸಿಕ್ಕಾಕ್ಕತ್ತದೆ."

"ಮೂಲೇನೇ ಬೇಕು. ಚೆಂಡು ಒಡೆಯೋದೇ ಮೂಲೆಗೆ."

ಇಪ್ಪತ್ತು ವರ್ಷ ಪರದೇಶದಲ್ಲಿದ್ದವರ ಬಾಯಲ್ಲಿ 'ಹೊಡೆಯೋದು' ಎನ್ನುವ ಬದಲು ನಮ್ಮೂರಿನ 'ಒಡೆಯೋದು' ಬಂತು ನೋಡಿ, ಅಲ್ಲೇ ಒಪ್ಪಿಕೊಂಡೆ.

ಒಂದಲ್ಲ, ನಾಲ್ಕು ಕಣ. ಹಾಸನ ತಾಲೂಕಿಗೆ ಕಟ್ಟಾಯದಲ್ಲಿ, ಹೊಳೆನರಸೀಪುರ ತಾಲೂಕಿಗೆ ಹರದನಹಳ್ಳಿಯಲ್ಲಿ, ಮೂರನೆಯದು ಅರಕಲಗೂಡಿನ ಹೊರಗೆ ಹೊಗೆಸೊಪ್ಪಿನ ಹೊಲದ ಪಕ್ಕ, ಕಡೆಯದು ದಂಡಿಗನಹಳ್ಳಿಯಲ್ಲಿ ಅವರದೇ ಜಮೀನಿನಲ್ಲಿ. ಎರಡು ವರ್ಷ ನಾವಿಬ್ಬರೂ ಈ ನಾಲ್ಕು ಊರಿನ ನಡುವೆ ಅವರ ಕಾರಿನಲ್ಲಿ ಸುತ್ತಿದೆವು. ಕಾರು ಓಡಿಸುವವನು ನಾನು. ಯಾಕೆಂದರೆ ಅವರು ಬಲಗಡೆ ಕೂರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೆನಿಸ್ಸಿನಲ್ಲಿ ಒಬ್ಬೊಬ್ಬರೇ ಆಡುವುದು ಬೇರೆ, ಜೋಡಿ ಆಟ ಬೇರೆ. ಇವರು ಬರೀ ಜೋಡಿ ಆಟದವರು. ಆ ಆಟದಲ್ಲಿ ಒಬ್ಬ ಕೋರ್ಟಿನ ಎಡ ಅರ್ಧ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಬಲ ಅರ್ಧ. ಇವರದು ಎಡ. ಹದಿನೆಂಟು ವರ್ಷ ಬಲಗಡೆ ನಿಂತವರು ಮೈಸೂರಿನ ಚಂದ್ರಮೌಳಿ ಎನ್ನುವವರು. ಜೋಡಿ ಒಡೆದು ಎಷ್ಟೋ ಕಾಲವಾಗಿತ್ತು, ಆದರೆ ಇವರ ಮೈಗೆ ಅದು ಇನ್ನೂ ಗೊತ್ತಾಗಿರಲಿಲ್ಲ. ಕಾರಿನಲ್ಲಿ ಎಡಗಡೆ. ಬೆಂಚಿನ ಮೇಲೆ ಎಡತುದಿ. ಹೊಳೆನರಸೀಪುರದಲ್ಲಿ ಅವರು ಬಾಡಿಗೆಗಿದ್ದ ಮನೆಗೆ ಒಂದು ಬೆಳಿಗ್ಗೆ ಹೋದೆ. ಅಗಲವಾದ ಮಂಚದ ಎಡ ಅಂಚಿಗೆ ಅಂಟಿಕೊಂಡು ಮಲಗಿದ್ದರು. ಬಲಗಡೆಯ ಹಾಸಿಗೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಆ ಮನೆಯಲ್ಲಿ ಎರಡು ಲೋಟ ಇದ್ದವು. ಒಂದರ ತಳಕ್ಕೆ ಅಂಟಿಸಿದ್ದ ಅಂಗಡಿಯ ಚೀಟಿ ಹಾಗೇ ಇತ್ತು.

ಕಟ್ಟಾಯದಲ್ಲಿ ಕೆಲಸ ಶುರುವಾದಾಗ ನನ್ನಿಂದ ಒಂದು ತಪ್ಪಾಯಿತು. ಇವರು ಮುಂದೆ ನಡೆಯುತ್ತಿದ್ದರು, ನಾನು ಹಿಂದೆ. ನಡೆಯುತ್ತಾ ನಡೆಯುತ್ತಾ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟು ಎರಡು ಬೆರಳು ತೋರಿಸಿದರು. ಎರಡು ಮಂಕರಿ ಮಣ್ಣು ಬೇಕೇನೋ ಎಂದು ಓಡಿಹೋಗಿ ಎರಡು ಮಂಕರಿ ತಂದು ಸುರಿದೆ. ಸ್ವಲ್ಪ ಹೊತ್ತಿಗೆ ಒಂದು ಬೆರಳು. ಒಂದು ಮಂಕರಿ ತಂದೆ. ಆಮೇಲೆ ಮುಷ್ಟಿ ಬಿಗಿ ಹಿಡಿದರು. ಸಾಕು ಎಂದಿರಬೇಕು ಎಂದು ಬೀಡಿ ಹಚ್ಚಿಕೊಂಡು ಕೂತೆ. ಹೀಗೆ ನಾಲ್ಕು ದಿನ ನಡೆದು, ಮಣ್ಣು ನನ್ನ ಎದೆಮಟ್ಟಕ್ಕೆ ಬಂತು.

"ಏನಯ್ಯಾ ಇದು, ಗುಡ್ಡ ಕಟ್ತಿದ್ದೀಯಾ?" ಎಂದರು.

"ನೀವೇ ಅಲ್ವಾ ಸಾ ಬೆರಳ್ ತೋರ್ಸಿದ್ದು?"

ಅವರು ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಬೇರೆ ಯಾರದೋ ಕೈ ತನ್ನ ತೋಳಿಗೆ ಬಂದು ಕೂತಿದೆ ಎನ್ನುವ ಹಾಗೆ. ಆಮೇಲೆ ಹೇಳಿದರು. ಜೋಡಿ ಆಟದಲ್ಲಿ ಬಲೆಯ ಹತ್ತಿರ ನಿಂತವನು ಹಿಂದಿರುವ ಜೊತೆಗಾರನಿಗೆ ಬೆನ್ನ ಹಿಂದೆ ಬೆರಳು ತೋರಿಸಿ, ನಾನು ಈ ಕಡೆ ಹೋಗುತ್ತೇನೆ, ಆ ಕಡೆ ಹೋಗುತ್ತೇನೆ ಎಂದು ತಿಳಿಸುತ್ತಾನಂತೆ. ಎದುರಿನವರಿಗೆ ಕಾಣಬಾರದು, ಜೊತೆಗಾರನಿಗೆ ಮಾತ್ರ ಕಾಣಬೇಕು.

"ಈಗ ಯಾರ್ಗೆ ತೋರುಸ್ತಿದ್ರಿ?"

"ಯಾರ್ಗೂ ಇಲ್ಲ. ನೀನು ಮಣ್ಣು ತೆಗಿ."

ಕಟ್ಟಾಯದ ಕೋರ್ಟು ಮುಗಿಯುವ ಹೊತ್ತಿಗೆ ಸುಗ್ಗಿ ಬಂತು. ಬೆಳಿಗ್ಗೆ ಹೋಗಿ ನೋಡುತ್ತೇವೆ, ಬಲೆಯ ಎರಡೂ ಕಡೆ ರಾಗಿ ತೆನೆ ಹರಡಿದೆ. ಅಂಥ ನುಣ್ಣನೆ ಕಣ ನೋಡಿ ಯಾರು ಸುಮ್ಮನಿರುತ್ತಾರೆ? ಇವರು ಬಿಳಿ ಶೂ ಹಾಕಿಕೊಂಡು ಒಳಗೆ ಕಾಲಿಟ್ಟರು, ರೇವಮ್ಮ ಎನ್ನುವ ಮುದುಕಿ ಮೊರ ಎತ್ತಿಕೊಂಡು ಅಡ್ಡ ಬಂದಳು.

"ಏನಪ್ಪಾ, ಎಕ್ಕಡ ಹಾಕ್ಕಂಡು ಕಣ ತುಳೀತೀಯಲ್ಲ, ನಿಮ್ಮವ್ವ ಬುದ್ದಿ ಏಳ್ಕೊಡ್ಲಿಲ್ವಾ?"

"ಅಜ್ಜಿ, ಇದು ಆಟದ ಕೋರ್ಟು. ನಾನೇ ಮಾಡ್ಸಿದ್ದು."

"ಮಾಡ್ಸಿದ್ರೆ ಏನಾಯ್ತು? ರಾಗಿ ಬಿದ್ಮೇಲೆ ಅದು ಕಣ. ಬಿಚ್ಚು."

ದೇಶದೇಶದ ಕೋರ್ಟು ತುಳಿದ ಮನುಷ್ಯ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಅವತ್ತಿನಿಂದ ನಾಲ್ಕೂ ಕೋರ್ಟಿನಲ್ಲಿ ಅದೇ ನೇಮ, ಬರಿಗಾಲಲ್ಲಿ ಆಡಬೇಕು. ರಾಗಿ ಎತ್ತುವವರೆಗೆ ಇವರು ಕಾದರು. ಕೊನೆಗೆ ಒಂದು ಸರ್ವ್ ಹೊಡೆದು ತೋರಿಸಿದರು. ಆ ಚೆಂಡು ಪುಟಿದು, ಬೇಲಿ ಹಾರಿ, ಅರಕಲಗೂಡಿಗೆ ಹೋಗುತ್ತಿದ್ದ ಬಸ್ಸಿನ ಕಿಟಕಿಯೊಳಗೆ ಹೋಗಿ ಸೀಟಿನ ಮೇಲೆ ಕೂತಿತು. ಕಂಡಕ್ಟರು ಅದಕ್ಕೆ ಅರ್ಧ ಟಿಕೆಟ್ ಹರಿದ. ಮಾರನೆಯ ದಿನ ಅದೇ ಬಸ್ಸಿನಲ್ಲಿ ವಾಪಸು ಬಂತು. ಟಿಕೆಟ್ಟು ನಾನು ಬಹಳ ದಿನ ಇಟ್ಟುಕೊಂಡಿದ್ದೆ.

ಕೋರ್ಟು ಶುರುವಾದ ದಿನ ಇವರು ಪಕ್ಕದಲ್ಲಿ ಎರಡು ಕುರ್ಚಿ ಹಾಕಿಸಿದರು. ಎಡಗಡೆಯದರಲ್ಲಿ ತಾವು ಕೂತರು. ಬಲಗಡೆಯ ಕುರ್ಚಿಯ ಮೇಲೆ ಒಂದು ಹೊಸ ರ‍್ಯಾಕೆಟ್ಟು ಇಟ್ಟರು. ಯಾರೋ ಬರುತ್ತಾರೆಂದು ನಾವೆಲ್ಲ ದಾರಿ ನೋಡಿದೆವು. ಯಾರೂ ಬರಲಿಲ್ಲ. ಸಂಜೆ ರ‍್ಯಾಕೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಹರದನಹಳ್ಳಿಯಲ್ಲೂ ಅದೇ. ಅಲ್ಲಿ ಊರವರು ಹಾರ ತಂದಿದ್ದರು. ಇವರ ಕೊರಳಿಗೆ ಹಾಕಿದ್ದನ್ನು ತೆಗೆದು ಆ ಖಾಲಿ ಕುರ್ಚಿಗೆ ಹಾಕಿದರು. ತೀರಿಹೋದವರ ಫೋಟೋಕ್ಕೆ ಹಾಕಿದ ಹಾಗೆ ಕಂಡಿತು ನನಗೆ. ಎದ್ದು ತೆಗೆದುಬಿಟ್ಟೆ.

ಅರಕಲಗೂಡಿನಲ್ಲಿ ಮೂರನೆಯ ಸಲ ಹಾಗೇ ಆದಾಗ ನನಗೆ ತಡೆಯಲಾಗಲಿಲ್ಲ. ಜನ ಹೋಗಿದ್ದರು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ನೆರಳು ಕೋರ್ಟಿನ ಅರ್ಧಕ್ಕೆ ಬಂದಿತ್ತು, ಬಲ ಅರ್ಧಕ್ಕೆ.

"ಯಾರಿಗ್ ಸಾ ಆ ಕುರ್ಚಿ?"

"ಮೌಳಿಗೆ."

"ಬತ್ತೀನಿ ಅಂದಿದ್ರಾ?"

"ಇಲ್ಲ."

"ನೀವು ಕರೆದಿದ್ರಾ?"

"ಇಲ್ಲ. ಪೇಪರ್‌ನಲ್ಲಿ ಬಂದಿರ್ತದೆ. ಗೊತ್ತಾಗ್ಬೇಕು ಅವ್ನಿಗೆ."

"ಅಯ್ಯೋ ನಿಮ್ಮ, ಕರೀದೆ ಎಂಗೆ ಬತ್ತಾರೆ ಸಾ? ಅವ್ರೇನ್ ಬೆಕ್ಕಾ, ಮೀನು ವಾಸ್ನೆ ಇಡ್ಕಂಡು ಬರಾಕೆ?"

ಅವರು ಒಂದು ಚೆಂಡು ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡರು. ಅದೂ ಜೋಡಿ ಆಟದವರ ಅಭ್ಯಾಸವಂತೆ, ತುಟಿ ಎದುರಿನವರಿಗೆ ಕಾಣಬಾರದು. ಎದುರಿಗೆ ಯಾರೂ ಇರಲಿಲ್ಲ. ಚೆಂಡಿನ ಹಿಂದಿನಿಂದಲೇ ಹೇಳಿದರು.

ಜೋಡಿ ಆಟದಲ್ಲಿ ಕಷ್ಟದ ಚೆಂಡು ಮೂಲೆಯದಲ್ಲ, ಇಬ್ಬರ ನಡುವೆ ಬರುವ ಚೆಂಡು. ಅದು ಇಬ್ಬರಿಗೂ ಸೇರಿದ್ದು, ಯಾರಿಗೂ ಸೇರಿದ್ದಲ್ಲ. ಆಗ ಒಬ್ಬ ಕೂಗಬೇಕು, ನಂದು ಅಂತಲೋ, ನಿಂದು ಅಂತಲೋ. ಎಡಗಡೆ ನಿಂತ ಬಲಗೈಯವನಿಗೆ ಅದು ಸುಲಭದ ಚೆಂಡು, ಅವನೇ ಕೂಗಬೇಕಾದದ್ದು ಧರ್ಮ. ಇವರಿಗೆ ಕೂಗಲು ಬಾಯೇ ಬರುತ್ತಿರಲಿಲ್ಲ. ಯಾಕೆಂದರೆ ಇವರು ಬೆಳೆದದ್ದು ಕಾಮಾಕ್ಷಮ್ಮನವರ ಕಣದಲ್ಲಿ. ಆ ಮನೆಯ ನೇಮ ನಮಗೆಲ್ಲ ಗೊತ್ತು. ಕಣದಲ್ಲಿ ರಾಶಿ ಬಿದ್ದರೆ ಯಾರೂ ನಂದು ಎನ್ನಬಾರದು. ದೇವರಿಗೆ, ಬಡಗಿಗೆ, ಕಮ್ಮಾರನಿಗೆ, ಬೇಡಿ ಬಂದವರಿಗೆ ಕೊಟ್ಟು ಮುಗಿಯುವವರೆಗೆ ಬಾಯಿ ಬಿಡಬಾರದು. ಚಿಕ್ಕಂದಿನಲ್ಲಿ ಇವರು ಒಂದು ಸಲ ರಾಶಿ ಮುಟ್ಟಿ ನಂದು ಅಂದುಬಿಟ್ಟರಂತೆ. ಅಜ್ಜಿ ಆ ವರ್ಷದ ರಾಶಿಯಲ್ಲಿ ಮನೆಗೆ ಒಂದು ಕಾಳೂ ತರಲಿಲ್ಲ, ಅಷ್ಟನ್ನೂ ಹಂಚಿಬಿಟ್ಟರು. ಇವರು ಆಮೇಲೆ ಆ ಮಾತು ಬಾಯಲ್ಲಿ ತರಲಿಲ್ಲ.

ಅದಕ್ಕೇ ಹದಿನೆಂಟು ವರ್ಷ ಚಂದ್ರಮೌಳಿಯವರೇ ಕೂಗಿದರು. ಚೆಂಡು ನಡುವೆ ಬಂದಾಗಲೆಲ್ಲ "ನಿಂದು" ಎನ್ನುತ್ತಿದ್ದರು, ಇವರು ಹೊಡೆಯುತ್ತಿದ್ದರು. ಒಂದು ದೊಡ್ಡ ಪಂದ್ಯ ಬಂತು. ಅದರ ಹೆಸರು ಹೇಳಿದ್ದರು, ನನ್ನ ನಾಲಿಗೆಗೆ ಹೊರಳುವುದಿಲ್ಲ. ಅದು ಗೆದ್ದಿದ್ದರೆ ಫೈನಲ್ಲು. ಕಡೆಯ ಚೆಂಡು ನಡುವೆ ಬಂತು. ಚಂದ್ರಮೌಳಿ ಕೂಗಲಿಲ್ಲ. ಇವರೂ ಕೂಗಲಿಲ್ಲ. ಇಬ್ಬರೂ ನಿಂತು ನೋಡಿದರು, ಚೆಂಡು ಎರಡು ಬಾಗಿಲ ನಡುವೆ ಬೆಕ್ಕು ಹೋದ ಹಾಗೆ ಹೋಯಿತು.

"ಯಾಕ್ ಕೂಗ್ಲಿಲ್ಲ ಅಂತ ಕೇಳ್ದೆ. 'ಹದಿನೆಂಟು ವರ್ಷ ನಾನೇ ಕೂಗಿದ್ದೀನಿ, ಒಂದ್ಸಲ ನಿನ್ನ ಬಾಯಲ್ಲಿ ಕೇಳೋಣ ಅಂತ ಕಾದೆ' ಅಂದ. ಆಮೇಲೆ ಅವನ ದಾರಿ ಅವನಿಗೆ, ನನ್ನ ದಾರಿ ನನಗೆ."

"ಈಗ್ಲೂ ಕಾಯ್ತಾ ಅವ್ರೇನೋ."

"ನಾನೂ ಕಾಯ್ತಾ ಇದ್ದೀನಿ."

ಇಬ್ಬರು ದೊಡ್ಡ ಮನುಷ್ಯರು. ಒಬ್ಬ ಮೈಸೂರಿನಲ್ಲಿ, ಒಬ್ಬ ಅರಕಲಗೂಡಿನಲ್ಲಿ. ಇನ್ನೂ ಆ ಚೆಂಡಿನ ಎರಡು ಪಕ್ಕ ನಿಂತೇ ಇದ್ದರು. ನನಗೆ ಆ ಚಂದ್ರಮೌಳಿಯ ಮೇಲೂ ಸಿಟ್ಟು ಬಂತು ಎನ್ನಿ. ಎಂಥ ಕಲ್ಲೆದೆಯ ಮನುಷ್ಯನೋ ಎಂದುಕೊಂಡೆ. ಕಾಫಿ ಆರುತ್ತಿದೆ, ಕುಡಿಯಿರಿ.

ದಂಡಿಗನಹಳ್ಳಿಯ ಕೋರ್ಟನ್ನು ಕಾಮಾಕ್ಷಮ್ಮನವರ ಹಳೆಯ ಕಣದ ಜಾಗದಲ್ಲೇ ಮಾಡಿದೆ. ಆ ಕಣ ನಮ್ಮಪ್ಪ ಮಾಡಿದ್ದು. ವರ್ಷಾ ವರ್ಷ ಅವನೇ ಮಾಡುತ್ತಿದ್ದ. ರಾಶಿ ಬಿದ್ದ ಮೇಲೆ ಹೊರಗೆ ನಿಲ್ಲುತ್ತಿದ್ದ, ಎಲ್ಲರಿಗೂ ಹಂಚಿ ಉಳಿದ ಕಡೆಯ ಮೊರ ಅವನದು. ಆ ಮನೆಯವರು ನಂದು ಎನ್ನದೆ ಇದ್ದದ್ದು ನೇಮ. ನಮ್ಮಪ್ಪ ಎನ್ನದೆ ಇದ್ದದ್ದು ಯಾಕೆಂದರೆ, ಹಾಗೆನ್ನುವುದಕ್ಕೆ ಅಲ್ಲಿ ಅವನದು ಏನೂ ಇರಲಿಲ್ಲ, ಅಷ್ಟೇ.

ಶುರುವಿನ ದಿನ ಒಂದು ಆಟ ಆಡಿ ತೋರಿಸಬೇಕೆಂದು ಜನ ಕೇಳಿದರು. ಎದುರು ಆಡಲು ಕಟ್ಟಾಯದ ಕಣದಲ್ಲೇ ಕಲಿತ ಇಬ್ಬರು ಹುಡುಗಿಯರು ಬಂದಿದ್ದರು, ಮೇಘಶ್ರೀ ಮತ್ತು ಅನುಶ್ರೀ. ಕಾಲೇಜಿನವರು, ಬರಿಗಾಲಲ್ಲಿ ಜಿಂಕೆ ಹಾಗೆ ಓಡುವವರು. ಮೋಹನ್‌ಕುಮಾರ್ ಹೋಗಿ ಎಡಗಡೆ ನಿಂತರು. ಬಲಗಡೆ ಖಾಲಿ. ಹುಡುಗಿಯರು ಚೆಂಡು ಹಿಡಿದು ಕಾದರು. ಜನ ಕಾದರು. ಇವರು ಯಾರನ್ನೂ ಕರೆಯಲಿಲ್ಲ. ಒಂದು ಕೈ ಮಾತ್ರ ಬೆನ್ನ ಹಿಂದೆ ಹೋಯಿತು. ಎರಡು ಬೆರಳು.

ನನಗೆ ಅರವತ್ತೆರಡು ವರ್ಷ. ಪಂಚೆ ಎತ್ತಿ ಕಟ್ಟಿದೆ. ಕುರ್ಚಿಯ ಮೇಲಿದ್ದ ಹೊಸ ರ‍್ಯಾಕೆಟ್ಟು ತೆಗೆದುಕೊಂಡು ಹೋಗಿ ಬಲಗಡೆ ನಿಂತೆ.

"ಏನ್ಲಾ ಮಂಚ, ಹಪ್ಪಳ ತಟ್ಟೋಕ್ ಓಯ್ತಿದ್ದೀಯಾ?" ಎಂದು ಯಾರೋ ಹಿಂದಿನಿಂದ ಕೂಗಿದರು.

"ತಟ್ತೀನಿ, ನೀ ಎಣ್ಣೆ ಕಾಯ್ಸು," ಎಂದೆ.

ಮೊದಲನೆಯ ಚೆಂಡೇ ನಡುವೆ ಬಂತು. ಹುಡುಗಿಯರು ಬೇಕೆಂದೇ ಹೊಡೆದರು, ಅದನ್ನು ಅವರಿಗೆ ಕಲಿಸಿದವರು ಇವರೇ. ಇವರು ಬಾಯಿ ಬಿಡಲಿಲ್ಲ. ನಮ್ಮಪ್ಪ ನಿಂತ ನೆಲದಲ್ಲಿ ನನಗೂ ಬಾಯಿ ಬರಲಿಲ್ಲ. ಚೆಂಡು ನಮ್ಮ ನಡುವೆ ಹೋಯಿತು. ಜನ ನಕ್ಕರು. ಇವರ ಮುಖ ನೋಡಿದೆ. ಆ ಪರದೇಶದ ಪಂದ್ಯದ ದಿನ ಹೇಗಿತ್ತೋ ನನಗೆ ಗೊತ್ತಿಲ್ಲ, ಹೀಗೇ ಇದ್ದಿರಬೇಕು.

ಹತ್ತಿರ ಹೋಗಿ ಹೇಳಿದೆ. "ಸಾ, ನಮ್ಮಪ್ಪ ಈ ಕಣದಾಗೆ ಒಂದ್ ಸಲಾನೂ ಬಾಯಿ ಬುಡ್ಲಿಲ್ಲ. ನಾನು ಬುಡ್ತೀನಿ. ಪಾಪ ಬಂದ್ರೆ ನಂಗೇ ಬರ್ಲಿ."

ಎರಡನೆಯ ಚೆಂಡು ನಡುವೆ ಬಂತು. "ನಂದೂ" ಎಂದು ಕೂಗಿದೆ. ನನ್ನ ಕೂಗಿಗೆ ಮೂರು ತೆಂಗಿನಮರದ ಕಾಯಿ ಉದುರಿದವು, ಶ್ರವಣಬೆಳಗೊಳದ ಬೆಟ್ಟದ ಮೇಲಿದ್ದವರು ತಿರುಗಿ ನೋಡಿದರಂತೆ. ಬೀಸಿದೆ. ಚೆಂಡಿಗೆ ತಗುಲಲಿಲ್ಲ. ನಾನೇ ಒಂದು ಸುತ್ತು ತಿರುಗಿ ನೆಲಕ್ಕೆ ಬಿದ್ದೆ. ಮಂಡಿ ಲಟಕ್ ಎಂದಿತು. ಮೋಹನ್‌ಕುಮಾರ್ ನಕ್ಕರು. ಎರಡು ವರ್ಷದಲ್ಲಿ ಅವರು ನಕ್ಕದ್ದು ಅದೇ ಮೊದಲು. ನಗುವುದಕ್ಕೆ ಅಭ್ಯಾಸವಿಲ್ಲದೆ ಕೆಮ್ಮಿದರು.

ಮೂರನೆಯ ಚೆಂಡು. ನಾನಿನ್ನೂ ಎದ್ದಿರಲಿಲ್ಲ. ಪಕ್ಕದಲ್ಲಿ ಒಂದು ದನಿ ಕೇಳಿತು. ಸಣ್ಣ ದನಿ, ಮಗು ಕದ್ದು ಬೆಲ್ಲ ತಿನ್ನುವಾಗ ಉಸಿರು ಬಿಟ್ಟಷ್ಟು.

"ನಂದು."

ಹೊಡೆದರು. ಚೆಂಡು ಬಲೆಗೆ ಬಿತ್ತು. ಇದರಲ್ಲಿ ನಾನು ಒಂದಿಷ್ಟೂ ಸೇರಿಸುವುದಿಲ್ಲ. ಬಲೆಗೇ ಬಿತ್ತು. ಇಪ್ಪತ್ತು ವರ್ಷ ಆಡಿದ ಕೈ, ಮಗು ಹೊಡೆದ ಹಾಗೆ ಹೊಡೆದು ಬಲೆಗೆ ಹಾಕಿತು. ಅವರು ಬಲೆಯ ಕಡೆ ನೋಡಲಿಲ್ಲ. ಬಲಗಡೆ ತಿರುಗಿದರು. ಅಲ್ಲಿ ನಾನು ಮಂಡಿ ಹಿಡಿದುಕೊಂಡು ಕೂತಿದ್ದೆ. ಅವರು ನೋಡಿದ್ದು ನನ್ನನ್ನಲ್ಲ, ನನ್ನ ತಲೆಯ ಮೇಲೆ, ಒಬ್ಬ ಮನುಷ್ಯ ಎದ್ದು ನಿಂತಿದ್ದರೆ ಮುಖ ಇರಬೇಕಾದ ಕಡೆ.

ಆಮೇಲೆ ಜನ ಚಪ್ಪಾಳೆ ಹೊಡೆದರು, ಕೇಸರಿಬಾತು ಹಂಚಿದರು. ಎಲ್ಲ ಹೋದ ಮೇಲೆ ಇವರು ಕುರ್ಚಿ ಮಡಚುತ್ತಾ, "ಅವ್ನು ಕೇಳಿಸ್ಕೋಬೇಕಾಗಿತ್ತು ಮಂಚಯ್ಯ," ಎಂದರು.

ಅಷ್ಟೇ. ಕರೆಯುತ್ತಾರಾ ಎಂದು ಕಾದೆ. ಕರೆಯಲಿಲ್ಲ. ಕೊಡುವುದಕ್ಕೆ ಬರುತ್ತದೆ, ಕೇಳುವುದಕ್ಕೆ ಬರುವುದಿಲ್ಲ ಆ ಮನುಷ್ಯನಿಗೆ. ಈಗ ದಿನಾ ನಾಲ್ಕು ಗಂಟೆಗೆ ಆ ಕೋರ್ಟಿಗೆ ಬರುತ್ತಾರೆ. ಎಡಗಡೆ ನಿಲ್ಲುತ್ತಾರೆ, ಹುಡುಗಿಯರಿಗೆ ಕಲಿಸುತ್ತಾರೆ. ನನ್ನ ಮಂಡಿ ಹೋಗಿದೆ, ನಾನು ಕಲ್ಲಿನ ಮೇಲೆ ಕೂತು ನೋಡುತ್ತೇನೆ. ಬಲಗಡೆಯ ಮಣ್ಣಿನ ಮೇಲೆ ಒಂದು ಹೆಜ್ಜೆ ಗುರುತೂ ಇಲ್ಲ. ದಿನಾ ಸಾರಿಸುವವನು ನಾನು, ನನಗೆ ಗೊತ್ತಾಗುತ್ತದೆ.

ಆದ್ದರಿಂದ ನಾನೇ ಕರೆದೆ. ರ‍್ಯಾಕೆಟ್ಟಿನ ಚೀಲದ ಒಳಗೆ ಮೈಸೂರಿನ ಒಂದು ವಿಳಾಸ ಇತ್ತು. ನನಗೆ ಅಕ್ಷರ ಬರುವುದಿಲ್ಲ, ಮೇಘಶ್ರೀ ಕೈಯಲ್ಲಿ ಅದನ್ನು ಓದಿಸಿ ಕಾಗದ ಬರೆಸಿದೆ. ಜಾಸ್ತಿ ಏನೂ ಇಲ್ಲ. "ಅವರು ಕೂಗಿದರು. ಚನ್ನರಾಯಪಟ್ಟಣಕ್ಕೆ ಮಧ್ಯಾಹ್ನದ ಬಸ್ಸಿಗೆ ಬನ್ನಿ." ಹನ್ನೊಂದು ದಿನದಿಂದ ಮೈಸೂರಿನಿಂದ ಬರುವ ಬಸ್ಸಿಗೆ ಇಲ್ಲಿ ಕಾಯುತ್ತಿದ್ದೇನೆ.

ಇವತ್ತು ಆ ಬಸ್ಸಿನಿಂದ ನೀವು ಇಳಿದಿರಿ. ಹೆಗಲಲ್ಲಿ ಉದ್ದ ಚೀಲ. ದಂಡಿಗನಹಳ್ಳಿಗೆ ಹೇಗೆ ಹೋಗುವುದು ಎಂದು ಕೇಳಿದಿರಿ, ಕಾಗದದ ಮಾತು ಎತ್ತಲಿಲ್ಲ. ಈ ಬೆಂಚು ಪೂರ್ತಿ ಖಾಲಿ ಇದ್ದರೂ ಬಲತುದಿಗೆ ಹೋಗಿ ಕೂತಿರಿ, ಎಡಗಡೆ ಇನ್ನೊಬ್ಬರಿಗೆ ಜಾಗ ಬಿಟ್ಟು. ನಾನು ನಿಮ್ಮ ಹೆಸರು ಕೇಳಿದೆನಾ? ಇಲ್ಲ. ಕೇಳುವುದೂ ಇಲ್ಲ ಮೌಳಿ ಸಾರ್. ಕಲ್ಲೆದೆ ಎಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಅದೊಂದು ಸುಳ್ಳು ಹೇಳಿದ್ದೇನೆ.

ಅವರ ಕಾರು ಆಚೆ ನಿಂತಿದೆ, ಕೀಲಿ ಇಲ್ಲಿದೆ. ಇಲ್ಲಿಯವರೆಗೆ ಹೇಗೋ ತಂದೆ, ನನ್ನ ಮಂಡಿಗೆ ಇನ್ನು ಬ್ರೇಕು ತುಳಿಯುವುದು ಕಷ್ಟ, ಬಲಗಡೆ ನೀವು ಕೂತು ಓಡಿಸಬೇಕು. ಅಲ್ಲಿಗೆ ಹೋದ ಮೇಲೆ ಶೂ ಬಿಚ್ಚಬೇಕು. ನಡುವೆ ಚೆಂಡು ಬಂದರೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು, ಅವರು ಕೂಗುವವರೆಗೆ. ಅವರ ದನಿ ಸಣ್ಣದು, ಹತ್ತಿರ ನಿಂತರೆ ಕೇಳುತ್ತದೆ.

ಹೊರಡುವ ಮುಂಚೆ ಇನ್ನೊಂದು. ತಟ್ಟೆಯಲ್ಲಿ ಮೂರು ವಡೆ ಬಂದಿದ್ದವು. ನೀವೊಂದು ತಿಂದಿರಿ, ನಾನೊಂದು ತಿಂದೆ. ಮೂರನೆಯದು ಆಗಿನಿಂದ ನಮ್ಮಿಬ್ಬರ ನಡುವೆ ಕೂತಿದೆ. ನಾನಂತೂ ಇನ್ನೊಂದು ಸಲ ಕೂಗುವವನಲ್ಲ, ಕಣದ ಕಡೆಯವನು. ನೀವು ಹದಿನೆಂಟು ವರ್ಷ ಕೂಗಿದ ಮಾತೊಂದಿದೆಯಲ್ಲ, ಅದನ್ನು ಈಗ ಒಂದು ಸಲ ನನ್ನ ಕಡೆ ತಿರುಗಿ ಹೇಳಿಬಿಡಿ. ಬೇಗ ಹೇಳಿ, ಚಟ್ನಿ ಖಾಲಿಯಾಗುತ್ತಿದೆ.